ಕೋಣದ ಮುಂದೆ ಓಡಿದವರು, ಕರುವಿನ ನಂತರ ಹುಟ್ಟಿದವರು

ನಮ್ಮ ಶಾಲೆಯ ಚರಿತ್ರೆ ಪುಸ್ತಕಗಳಲ್ಲಿ ತಲೆಗಳೇ ಹೆಚ್ಚು. ಕಿರೀಟ ಇಟ್ಟ ತಲೆ, ಪೇಟ ಸುತ್ತಿದ ತಲೆ, ಟೋಪಿ ಹಾಕಿದ ದೊರೆಯ ತಲೆ. ಕಾಲುಗಳ ಚರಿತ್ರೆಯನ್ನು ಬರೆದವರು ಕಡಿಮೆ. ಕೆಸರಲ್ಲಿ ಓಡಿದ ಕಾಲು, ಮುಳ್ಳು ತುಳಿದ ಕಾಲು, ಹುಟ್ಟುವಾಗಲೇ ಮಡಚಿಕೊಂಡು ಬಂದ ಕಾಲು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಈ ಲೆಕ್ಕ ಬರೆಯುವ ಕೆಲಸ ಬಾಕಿ ಉಂಟು. ಇಲ್ಲಿ ನಾಲ್ಕು ಕಾಲುಗಳ ಲೆಕ್ಕ ಹೇಳುತ್ತೇವೆ. ಕೋಣದ್ದು, ಕೊರಗರದ್ದು, ಕರುವಿನದ್ದು, ಮಗುವಿನದ್ದು. ನಾಲ್ಕೂ ಮಂಗಳೂರು ಮತ್ತು ಅದರ ಸುತ್ತಲ ನೆಲದವು.

ಅಂಗವಿಕಲರ ಪ್ರಶ್ನೆ ಬೇರೆ, ಪ್ರಾಣಿಗಳ ಪ್ರಶ್ನೆ ಬೇರೆ, ಜಾತಿಯ ಪ್ರಶ್ನೆ ಬೇರೆ ಎಂದು ನಮಗೆ ಕಲಿಸಿದ್ದಾರೆ. ಒಂದಕ್ಕೆ ಆಸ್ಪತ್ರೆ, ಇನ್ನೊಂದಕ್ಕೆ ದಯಾಸಂಘ, ಮತ್ತೊಂದಕ್ಕೆ ಸಮಾಜ ಕಲ್ಯಾಣ ಇಲಾಖೆ. ಆದರೆ ಈ ಕರಾವಳಿಯ ಚರಿತ್ರೆ ಮೂರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದೆ. ಆ ಹಗ್ಗದ ಹೆಸರು ಕೇಡು ದಾಟಿಸುವುದು. ಉಳ್ಳವನು ತನಗೆ ಬರುವ ಕೇಡನ್ನು ಲೆಕ್ಕಕ್ಕಿಲ್ಲದ ಮೈಯೊಂದನ್ನು ಹುಡುಕಿ ಅದರ ಮೇಲೆ ಹಾಕುತ್ತಾನೆ. ಯಾವ ಮೈ ಲೆಕ್ಕಕ್ಕಿಲ್ಲ? ಮೊದಲು ಪ್ರಾಣಿಯದ್ದು. ಪ್ರಾಣಿಗೆ ಬೆಲೆ ಬಂದಲ್ಲಿ ಪ್ರಾಣಿಗಿಂತ ಕೆಳಗೆ ನಿಲ್ಲಿಸಿದ ಮನುಷ್ಯನದ್ದು.

*

ಮಂಗಳೂರಿನ ಕದ್ರಿಯಲ್ಲಿ ಕಂಬಳ ಎಂಬ ಹೆಸರಿನ ಜಾಗ ಇಂದಿಗೂ ಉಂಟು. ಗದ್ದೆ ಹೋಗಿ ಮನೆ, ರಸ್ತೆ ಬಂದಿದೆ, ಹೆಸರು ಉಳಿದಿದೆ. ಕೆಸರುಗದ್ದೆಯಲ್ಲಿ ಜೋಡಿ ಕೋಣಗಳನ್ನು ಓಡಿಸುವ ಕಂಬಳದ ಬಗ್ಗೆ ಬಣ್ಣದ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ನೀರು ಚಿಮ್ಮುತ್ತದೆ, ಕೋಣದ ಮೈ ಮಿಂಚುತ್ತದೆ, ಗುತ್ತಿನ ಮನೆಯ ಗತ್ತು ಹೊಳೆಯುತ್ತದೆ. ಆ ಚಿತ್ರಗಳಲ್ಲಿ ಕಂಬಳದ ಹಿಂದಿನ ರಾತ್ರಿ ಇಲ್ಲ.

ಹಿಂದಿನ ರಾತ್ರಿಗೆ ತುಳುವಿನಲ್ಲಿ ಒಂದು ಹೆಸರು ಉಂಟು. ಪನಿ ಕುಲ್ಲುನಿ. ಅಂದರೆ ಇಬ್ಬನಿಯಲ್ಲಿ ಕೂರುವುದು. ಕೂರಬೇಕಾದವರು ಕೊರಗರು. ಇರುಳಿಡೀ ಚಳಿಯಲ್ಲಿ ಡೋಲು ಬಡಿಯಬೇಕು, ಕುಣಿಯಬೇಕು. ಬೆಳಗಾದ ಮೇಲೆ ಕೋಣ ಇಳಿಯುವ ಮೊದಲು ಕೆಸರಿಗೆ ಇಳಿದು ಓಡಬೇಕು. ಕೆಸರಲ್ಲಿ ಮುಳ್ಳು, ಗಾಜಿನ ಚೂರು ಇದ್ದರೆ ಅದು ಕೋಣದ ಕಾಲಿಗಿಂತ ಮೊದಲು ಇವರ ಕಾಲಿಗೆ ಸಿಗಲಿ ಎಂಬುದು ಅದರ ಅರ್ಥ ಎಂದು ಆ ಸಮುದಾಯದವರೇ ಹೇಳುತ್ತ ಬಂದಿದ್ದಾರೆ. ಕೋಣಕ್ಕೆ ಯಜಮಾನ ಉಂಟು. ಕೋಣ ಕುಂಟಾದರೆ ಯಜಮಾನನಿಗೆ ನಷ್ಟ. ಕೊರಗ ಕುಂಟಾದರೆ ಯಾರಿಗೆ ನಷ್ಟ? ಈ ಒಂದು ಪ್ರಶ್ನೆಯಲ್ಲಿ ಊಳಿಗಮಾನ್ಯ ವ್ಯವಸ್ಥೆಯ ಪೂರ್ತಿ ಗಣಿತ ಉಂಟು.

ಇದೇ ಗಣಿತದ ಇನ್ನೊಂದು ಪುಟ ಅಜಲು. ಮನೆಯವರ ಕಾಯಿಲೆ, ಅನಿಷ್ಟ ಕಳೆಯಲಿ ಎಂದು ಕೂದಲು, ಉಗುರು ಕಲಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಪದ್ಧತಿ. ತಿಂದವನ ಮೈಗೆ ಕೇಡು ದಾಟಿತು, ಕೊಟ್ಟವನ ಮನೆ ಚೊಕ್ಕವಾಯಿತು ಎಂಬ ನಂಬಿಕೆ. ನೋಡಿ, ಇಲ್ಲಿ ರೋಗಕ್ಕೆ ಔಷಧ ಹುಡುಕಲಿಲ್ಲ. ರೋಗಕ್ಕೆ ಇನ್ನೊಂದು ಮೈ ಹುಡುಕಿದರು. ನಮ್ಮ ಕಾಯಿಲೆ, ನಮ್ಮ ಊನ, ನಮ್ಮ ಪಾಪ ಎಲ್ಲವನ್ನೂ ತಿಂದು ಅರಗಿಸಿಕೊಳ್ಳುವುದಕ್ಕೆ ಒಂದು ಜಾತಿಯನ್ನೇ ಇಟ್ಟುಕೊಂಡರು.

ಕಾನೂನಿನ ವರ್ಷಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ಪ್ರಾಣಿಹಿಂಸೆ ತಡೆಯುವ ಈಗಿನ ಕಾಯ್ದೆ ಬಂದದ್ದು 1960ರಲ್ಲಿ. ಮುಪ್ಪು, ರೋಗ, ಗಾಯ, ನಿತ್ರಾಣದಿಂದ ಕೆಲಸಕ್ಕೆ ಆಗದ ಪ್ರಾಣಿಯನ್ನು ದುಡಿಸುವುದು ಅದರ ಪ್ರಕಾರ ಅಪರಾಧ. ಒಳ್ಳೆಯ ಮಾತು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ. ಅದರ ಅಪರಾಧಗಳ ಪಟ್ಟಿಯಲ್ಲಿ ತಿನ್ನಬಾರದ್ದನ್ನು ತಿನ್ನಿಸುವುದೇ ಮೊದಲನೆಯದು. ಆಮೇಲೂ ಸಾಲದೆ, ಕರ್ನಾಟಕ ಸರ್ಕಾರ ಅಜಲು ನಿಷೇಧಕ್ಕೆಂದೇ ಕಾಯ್ದೆ ಮಾಡಿದ್ದು 2000ದಲ್ಲಿ. ಕಂಬಳಕ್ಕೆ ಮೊದಲು ಕೊರಗರನ್ನು ಕೋಣಗಳ ಹಾಗೆ ಓಡಿಸುವುದು ಅಪರಾಧ ಎಂದು ಆ ಕಾಯ್ದೆಯಲ್ಲಿ ಬಿಡಿಸಿ ಬರೆಯಬೇಕಾಯಿತು. ಕೋಣದಿಂದ ಕೊರಗರವರೆಗೆ ಬರಲು ಕಾನೂನಿಗೆ 40 ವರ್ಷ ಹಿಡಿಯಿತು. ಗದ್ದೆಯಲ್ಲಿ ಇಬ್ಬರ ನಡುವೆ ಇದ್ದ ದೂರ ನಾಲ್ಕು ಮಾರು.

ಮುಂದಿನದು ನಮ್ಮ ಕಣ್ಣೆದುರೇ ನಡೆದದ್ದು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮೊಕದ್ದಮೆಯಲ್ಲಿ ಪ್ರಾಣಿಗೂ ಘನತೆ ಉಂಟು ಎಂದಿತು. ಕಂಬಳಕ್ಕೂ ಅಡ್ಡಿ ಬಂತು. 2017ರ ಜನವರಿಯಲ್ಲಿ ಮಂಗಳೂರಿನಲ್ಲಿ, ಮೂಡಬಿದಿರೆಯಲ್ಲಿ ಜನ ಬೀದಿಗೆ ಇಳಿದರು. ಅದೇ ವರ್ಷ ಕರ್ನಾಟಕ ತಿದ್ದುಪಡಿ ಮಾಡಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಒಪ್ಪಿತು. ಒಂದು ಕಡೆ ಕೋಣದ ನೋವು, ಇನ್ನೊಂದು ಕಡೆ ಸಂಸ್ಕೃತಿ, ಇವೆರಡರ ನಡುವೆಯೇ ವಾದ ನಡೆಯಿತು. ಇಬ್ಬನಿಯಲ್ಲಿ ಕೂತವರ ಕಾಲಿನ ಮಾತು ಬದುವಿನ ಆಚೆಗೇ ಉಳಿಯಿತು.

ಇಲ್ಲಿ ಗೆಳೆಯರು ನಮ್ಮನ್ನು ತಡೆದು ಕೇಳುತ್ತಾರೆ: "ಅಲ್ಲ ಮಾರಾಯ್ರೇ, ನಮ್ಮನ್ನು ಪ್ರಾಣಿಗಿಂತ ಕಡೆಯಾಗಿ ಇಟ್ಟವರೇ ಪ್ರಾಣಿದಯೆ ಮಾತಾಡ್ತಾರೆ. ನಮಗೆಂತಕ್ಕೆ ಅದು?" ಈ ಪ್ರಶ್ನೆಯಲ್ಲಿ ಸಿಟ್ಟು ಉಂಟು, ಸಿಟ್ಟಿಗೆ ಕಾರಣವೂ ಉಂಟು. ಉತ್ತರ ಕೊಡುವ ಮೊದಲು ಗೇರುಗುಡ್ಡೆಗೆ ಹೋಗಿ ಬರಬೇಕು.

*

ಗೇರು ನಮ್ಮ ನೆಲದ ಮರವಲ್ಲ. ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲಿನಿಂದ ತಂದದ್ದು. ಮಂಗಳೂರು ಅದನ್ನು ಹಣವಾಗಿ ಮಾಡಿತು. ಬಂದರು, ಹಂಚಿನ ಕಾರ್ಖಾನೆ, ಬೀಡಿ, ಬೀಜದ ಫ್ಯಾಕ್ಟರಿ ಇವುಗಳ ಮೇಲೆ ಕಟ್ಟಿದ ಪಟ್ಟಣ ಇದು. ಬೀಜದ ಫ್ಯಾಕ್ಟರಿಗಳಲ್ಲಿ ಕೂತವರು ಹೆಚ್ಚಾಗಿ ಹೆಂಗಸರು. ಸಿಪ್ಪೆಯ ಎಣ್ಣೆ ತಾಗಿದರೆ ಕೈ ಸುಡುತ್ತದೆ. ಬಿಳಿ ಬೀಜ ಹಡಗು ಹತ್ತಿ ಹೋಯಿತು, ಸುಟ್ಟ ಬೆರಳು ಇಲ್ಲೇ ಉಳಿಯಿತು. ಅಲ್ಲಿಗೇ ಮೊದಲ ದಾಟಿಸುವಿಕೆ ಆಯಿತು.

ಎರಡನೆಯದು ಆಕಾಶದಿಂದ ಬಂತು. ಗೇರು ಹೂ ಬಿಡುವಾಗ ಟೀ ಸೊಳ್ಳೆ ಎಂಬ ಕೀಟ ಚಿಗುರು, ಹೂವಿನ ರಸ ಹೀರುತ್ತದೆ. ಅದನ್ನು ಕೊಲ್ಲಲು ಎಂಡೋಸಲ್ಫಾನ್ ಎಂಬ ವಿಷ. ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ನಡುವಿನಿಂದ 2000ದ ಡಿಸೆಂಬರಿನವರೆಗೆ ಹೆಲಿಕಾಪ್ಟರಿನಲ್ಲಿ ಅದನ್ನು ಸಿಂಪಡಿಸಿತು. ಗಡಿಯ ಈಚೆ ದಕ್ಷಿಣ ಕನ್ನಡದಲ್ಲಿ, ಮಂಗಳೂರಿನಲ್ಲಿ ಕಚೇರಿ ಇರುವ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಪುಗಳ ಮೇಲೂ ಸುಮಾರು 20 ವರ್ಷ ಅದೇ ಹೆಲಿಕಾಪ್ಟರ್ ಸುತ್ತಿತು. ಕೊಕ್ಕಡ, ನಿಡ್ಲೆ, ಪಟ್ರಮೆ ಊರುಗಳು ಅದರ ಕೆಳಗೆ ಇದ್ದವು. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯದೇ ತಾಲೂಕು. ರಾಜ್ಯ ಎರಡಾಯಿತು, ಬಿದ್ದ ವಿಷ ಒಂದೇ.

ನಿಯಮಗಳು ಪುಸ್ತಕದಲ್ಲಿ ಚೆನ್ನಾಗಿದ್ದವು. ಮರದ ನೆತ್ತಿಯಿಂದ ಎರಡು ಮೂರು ಮೀಟರ್ ಮೇಲಷ್ಟೇ ಹಾರಬೇಕು. ನೀರಿನ ಮೂಲಗಳನ್ನು ಮುಚ್ಚಬೇಕು. ಸಿಂಪಡಿಸಿದ ಜಾಗದಲ್ಲಿ ದನ ಮೇಯಿಸಬಾರದು. ಆದರೆ ಎಣ್ಮಕಜೆಯ ಪಡ್ರೆ, ಸ್ವರ್ಗ, ವಾಣಿನಗರ ಎಲ್ಲ ಗುಡ್ಡ-ಕಣಿವೆಯ ಊರು. ಮೇಲೆ ಗೇರು, ಕೆಳಗೆ ಮನೆ, ನಡುವೆ ಹರಿಯುವ ತೋಡು. ತೋಡನ್ನು ಯಾವ ಮುಚ್ಚಳದಲ್ಲಿ ಮುಚ್ಚುವುದು? ಗುಡ್ಡೆ ಬಿಟ್ಟು ದನ ಎಲ್ಲಿ ಮೇಯುವುದು?

*

ಮೊದಲು ಹೇಳಿದ್ದು ಕರು. 1979ರಲ್ಲಿ ಆ ಊರಿನ ಒಬ್ಬ ರೈತನ ಮನೆಯ ಮೂರು ಕರುಗಳು ಬೆಳವಣಿಗೆ ಕುಂಠಿತವಾಗಿ, ಕಾಲು ಸೊಟ್ಟಗಾಗಿ ಕಾಣಿಸಿಕೊಂಡವು. ಆಕಾಶದಿಂದ ಬೀಳುವ ವಿಷದ ಮೇಲೆ ರೈತನಿಗೆ ಸಂಶಯ ಬಂತು. ಕೃಷಿಕ-ಪತ್ರಕರ್ತ ಶ್ರೀಪಡ್ರೆ ಅದನ್ನು ಬರೆದರು. ಜೇನು ಸತ್ತಿತು. ತೋಡಿನಲ್ಲಿ ಮೀನು, ಕಪ್ಪೆ ಹೊಟ್ಟೆ ಮೇಲಾಗಿ ತೇಲಿದವು. ಇವೆಲ್ಲ ಅರ್ಜಿಗಳು. ಸಹಿ ಇಲ್ಲದ, ಮೊಹರು ಇಲ್ಲದ ಅರ್ಜಿಗಳು. ಯಾವ ಕಚೇರಿಯೂ ಅವನ್ನು ದಾಖಲು ಮಾಡಿಕೊಳ್ಳಲಿಲ್ಲ. ಹೆಲಿಕಾಪ್ಟರ್ ಇನ್ನೂ 20 ವರ್ಷ ಬಂತು.

ದೀಪಾವಳಿಗೆ ಗೋಪೂಜೆ ಮಾಡಿ ಕೊರಳಿಗೆ ಹೂ ಕಟ್ಟುವ ನಾಡು ಇದು. ದನದ ಹೆಸರಲ್ಲಿ ಮೆರವಣಿಗೆ, ಭಾಷಣ, ಹೊಡೆದಾಟ ಎಲ್ಲವನ್ನೂ ಕಂಡ ನಾಡು. ಆದರೆ ದನದ ಹೊಟ್ಟೆಯೊಳಗಿನ ಕರು ಮಡಚಿ ಹೋದಾಗ ಆ ಭಕ್ತಿ ಬೀದಿಗೆ ಬರಲಿಲ್ಲ. ಪೂಜೆ ಸುಲಭ, ಪೂಜೆಗೆ ದನದ ಮೈ ಬೇಡ, ಹೆಸರು ಸಾಕು. ನ್ಯಾಯಕ್ಕೆ ಮೈ ಬೇಕು. ಅದರ ಕಾಲು, ಕೆಚ್ಚಲು, ಗರ್ಭ, ಕುಡಿಯುವ ನೀರು ಎಲ್ಲ ಬೇಕು.

ಇದು ನಮ್ಮೂರಿನ ಕತೆ ಮಾತ್ರವಲ್ಲ. ಜಪಾನಿನ ಮಿನಮಾಟ ಎಂಬ ಮೀನುಗಾರರ ಊರಿನಲ್ಲಿ ಚಿಸ್ಸೊ ಎಂಬ ಕಂಪನಿ ಪಾದರಸದ ವಿಷವನ್ನು ಸಮುದ್ರಕ್ಕೆ ಬಿಟ್ಟಿತು. 1950ರ ದಶಕದ ಮೊದಲಲ್ಲೇ ಅಲ್ಲಿನ ಬೆಕ್ಕುಗಳು ಕುಣಿದ ಹಾಗೆ ನಡುಗಿ ನಡುಗಿ ಸತ್ತವು. ಮನುಷ್ಯರ ರೋಗ ಸರ್ಕಾರಿ ದಾಖಲೆಗೆ ಬಂದದ್ದು 1956ರಲ್ಲಿ. 1959ರಲ್ಲಿ ಕಂಪನಿಯ ಆಸ್ಪತ್ರೆಯ ವೈದ್ಯರೇ ಕಾರ್ಖಾನೆಯ ಕೊಳಚೆಯನ್ನು ಒಂದು ಬೆಕ್ಕಿಗೆ ತಿನ್ನಿಸಿ ನೋಡಿದರು. ಅದಕ್ಕೆ ಹೆಸರಿಲ್ಲ, ನಂಬರು 400. ಅದೂ ನಡುಗಿತು. ಕಂಪನಿ ಆ ಫಲಿತಾಂಶವನ್ನು ಮುಚ್ಚಿಟ್ಟಿತು. ಸರ್ಕಾರ ಕಾರಣವನ್ನು ಒಪ್ಪಿಕೊಳ್ಳುವಾಗ 1968. ಅಷ್ಟರಲ್ಲಿ ತಾಯಿಯ ಹೊಟ್ಟೆಯಲ್ಲೇ ವಿಷ ತಿಂದ ಮಕ್ಕಳು ಹುಟ್ಟಿದ್ದರು.

ಬೆಕ್ಕಾಗಲಿ ಕರುವಾಗಲಿ, ಪ್ರಾಣಿಯ ಮೈಗೆ ಬೆಲೆ ಇಲ್ಲದ ಕಡೆ ಅದು ಕೊಡುವ ಸಾಕ್ಷಿಗೂ ಬೆಲೆ ಇಲ್ಲ. ಆ ಸಾಕ್ಷಿಯನ್ನು ತಳ್ಳಿ ಹಾಕಿದ ಕೈಯೇ ಮುಂದೆ ಮಗುವಿನ ಸಾಕ್ಷಿಯನ್ನೂ ತಳ್ಳಿತು.

*

ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ 1980ರ ದಶಕದಿಂದ ತಮ್ಮ ಮುಂದೆ ಬಂದ ರೋಗಿಗಳನ್ನು ನೋಡುತ್ತಾ ಗಾಬರಿಯಾದರು. ಒಂದೇ ಊರು, ಒಂದೇ ತೋಡಿನ ಬದಿ, ಮನೆ ಬಿಟ್ಟು ಮನೆ ಅಪಸ್ಮಾರ, ಬುದ್ಧಿ ಬೆಳವಣಿಗೆಯ ತೊಂದರೆ, ಹುಟ್ಟು ಊನ, ಕ್ಯಾನ್ಸರ್. 1998ರಲ್ಲಿ ಕೃಷಿ ಇಲಾಖೆಯ ನೌಕರಳಾಗಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ಕೋರ್ಟಿನಲ್ಲಿ ವೈಮಾನಿಕ ಸಿಂಪಡಣೆಗೆ ತಡೆ ತಂದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ದನದ ಹಾಲು, ತಾಯಿಯ ಹಾಲು, ರಕ್ತ ಪರೀಕ್ಷಿಸಿ ವಿಷ ಉಂಟು ಎಂದಿತು. ದನದ ಹಾಲು ಮತ್ತು ತಾಯಿಯ ಹಾಲು ಒಂದೇ ಪಟ್ಟಿಯಲ್ಲಿ ಬಂದದ್ದು ಅಲ್ಲಿ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯೂ ಆ ಊರಿನ ಶಾಲಾ ಮಕ್ಕಳನ್ನು ಸಿಂಪಡಣೆ ಇಲ್ಲದ ಊರಿನ ಮಕ್ಕಳ ಜೊತೆ ಹೋಲಿಸಿತು. ಹುಟ್ಟು ಊನ, ಕಲಿಕೆಯ ತೊಂದರೆ ಇಲ್ಲಿ ಹೆಚ್ಚು ಎಂದಿತು. 2003, 2004ರಲ್ಲಿ ಕೇಂದ್ರದ ಸಮಿತಿಗಳು ಸಂಬಂಧ ಸಾಬೀತಾಗಿಲ್ಲ ಎಂದು ವರದಿ ಕೊಟ್ಟವು. ಪುರಾವೆ ತರುವ ಹೊರೆಯೂ ವಿಷ ಕುಡಿದವನ ತಲೆಯ ಮೇಲೆ!

2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನನ್ನು ನಿಷೇಧಿಸಿತು. ಅದೇ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ತೆಗೆದುಹಾಕಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಮೇ 13ಕ್ಕೆ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿ ಎಂದಿತು. ಕೊಡಲಿಲ್ಲ ಎಂದು 2022ರಲ್ಲಿ ಮತ್ತೆ ಗದರಿಸಬೇಕಾಯಿತು. ಕರು ಹೇಳಿದ್ದು 1979ರಲ್ಲಿ, ದೇಶ ಕೇಳಿದ್ದು 2011ರಲ್ಲಿ. 32 ವರ್ಷ. ಈ 32 ವರ್ಷದೊಳಗೆ ಹುಟ್ಟಿದವರನ್ನೇ ನಾವು ಕರುವಿನ ನಂತರ ಹುಟ್ಟಿದವರು ಎಂದದ್ದು.

ವಿಷ ಜಾತಿ ನೋಡಿ ಬೀಳಲಿಲ್ಲ. ಉಳ್ಳವರ ಅಡಿಕೆ ತೋಟದ ಮೇಲೂ ಬಿತ್ತು, ಸುಳ್ಳು ಹೇಳಬಾರದು. ಆದರೆ ಬಿದ್ದ ಮೇಲೆ ಜಾತಿ, ವರ್ಗ ಎರಡೂ ಕೆಲಸ ಮಾಡಿದವು. ಕೈಯಲ್ಲಿ ಕಾಸು ಇದ್ದವರು ಮಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಹತ್ತಿದರು. ಗೇರು ಹೆಕ್ಕುವ ಕೂಲಿಯ ಹೆಂಗಸು ಏಳದ ಮಗುವನ್ನು ಚಾಪೆಯಲ್ಲಿ ಬಿಟ್ಟು ಕೂಲಿಗೂ ಹೋಗಲಾರದೆ, ಆಸ್ಪತ್ರೆಗೂ ಹೋಗಲಾರದೆ ಕೂತಳು. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿ ಕಾಸರಗೋಡಿನ ರೋಗಿಗಳನ್ನು ತಡೆದಾಗ ಮಂಗಳೂರಿನ ದಾರಿಯೂ ಕಟ್ಟಿತು.

*

ಈಗ ಪರಿಹಾರದ ಪಟ್ಟಿ ಉಂಟು. ದಕ್ಷಿಣ ಕನ್ನಡದಲ್ಲೇ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಸರ್ಕಾರ ಗುರುತಿಸಿದೆ. ಕೊಕ್ಕಡದಲ್ಲಿ, ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳು ಬಂದವು. ಇವು ಯಾರೂ ದಾನ ಕೊಟ್ಟದ್ದಲ್ಲ, ಹೋರಾಡಿ ಪಡೆದದ್ದು. ಕೊಕ್ಕಡದ ಹೋರಾಟ ಸಮಿತಿಯ ಮುಂದೆ ನಿಂತವರು ಕಣ್ಣಿನ ದೃಷ್ಟಿ ಕಳೆದುಕೊಂಡ ಒಬ್ಬ ರೈತ. ಭಾಷಣಗಳಲ್ಲಿ 'ಕುರುಡು ಸರ್ಕಾರ' ಎಂಬ ಬೈಗುಳ ಕೇಳಿಸುತ್ತದೆ. ಗೆಳೆಯರೇ, ಆ ಮಾತು ಬಿಡೋಣ. ಕಣ್ಣು ಕಾಣದ ರೈತ ಕಂಡದ್ದನ್ನು ಕಣ್ಣಿದ್ದ ಸರ್ಕಾರವೇ ಕಾಣದೆ ಹೋದದ್ದು.

ಆದರೆ ಪಟ್ಟಿಗೆ ಸೇರುವುದು ಹೇಗೆ? ಮೈಯನ್ನು ಶೇಕಡಾ ಲೆಕ್ಕದಲ್ಲಿ ಅಳೆಯುತ್ತಾರೆ. ಇಷ್ಟು ಶೇಕಡಾ ಊನ, ಇಷ್ಟು ಮಾಸಾಶನ. ದನದ ಜಾತ್ರೆಯಲ್ಲಿ ಹಲ್ಲು ನೋಡಿ, ಸುಳಿ ನೋಡಿ, ಕಾಲು ಎತ್ತಿಸಿ ನೋಡಿ ಬೆಲೆ ಕಟ್ಟುತ್ತಿದ್ದ ಲೆಕ್ಕ ನೆನಪಾಗುವುದಿಲ್ಲವೇ? ಎರಡರಲ್ಲೂ ಪ್ರಶ್ನೆ ಒಂದೇ: ಇದರಿಂದ ಎಷ್ಟು ಕೆಲಸ ಆಗುತ್ತದೆ? ಉಳುವ ಎತ್ತು ಕುಂಟಿದ ದಿನ ಅದು 'ಕೆಲಸಕ್ಕೆ ಬಾರದ್ದು'. ದುಡಿಯಲಾರದ ಮಗುವಿಗೂ ಮನೆಯೊಳಗೇ ಅದೇ ಹೆಸರು ಬೀಳುತ್ತದೆ. ದುಡಿಮೆಯೊಂದರಿಂದಲೇ ಮೈಯ ಬೆಲೆ ಕಟ್ಟುವ ಈ ವ್ಯವಸ್ಥೆ ನಮ್ಮ ಹಿರಿಯರ ರಟ್ಟೆಯನ್ನೂ ಹಾಗೆಯೇ ಅಳೆದಿತ್ತು. ಈ ತಕ್ಕಡಿಯ ಪರಿಚಯ ನಮಗೆ ತಲೆಮಾರುಗಳಿಂದ ಉಂಟು.

ಅಮೆರಿಕದ ಚಿತ್ರಕಾರ್ತಿ, ಲೇಖಕಿ ಸುನೌರಾ ಟೇಲರ್ ಹುಟ್ಟಿನಿಂದ ಅಂಗವಿಕಲೆ. ಅರಿಝೋನಾದ ಟೂಸಾನ್ ಊರಿನಲ್ಲಿ ಸೇನೆಯ ಕೆಲಸದ ಕಾರ್ಖಾನೆಗಳು ಅಂತರ್ಜಲಕ್ಕೆ ಬಿಟ್ಟ ವಿಷವೇ ತನ್ನ ಮೈಯ ಸ್ಥಿತಿಗೆ ಕಾರಣವೆಂದು ಆಕೆ ಹೇಳುತ್ತಾರೆ. 2017ರಲ್ಲಿ ಬಂದ 'ಬೀಸ್ಟ್ಸ್ ಆಫ್ ಬರ್ಡನ್' ಪುಸ್ತಕದಲ್ಲಿ ಆಕೆ ಅಂಗವಿಕಲರ ಬಿಡುಗಡೆ ಮತ್ತು ಪ್ರಾಣಿಗಳ ಬಿಡುಗಡೆಯನ್ನು ಒಟ್ಟಿಗೆ ಇಟ್ಟು ಯೋಚಿಸಿದರು. ಚಿಕ್ಕವಳಿದ್ದಾಗ ಶಾಲೆಯ ಮಕ್ಕಳು ಮಂಗನ ಹಾಗೆ ನಡೆಯುತ್ತಾಳೆ ಎಂದು ಹಂಗಿಸಿದ್ದರು. ನಮ್ಮ ಕೇರಿಯವರಿಗೆ ಈ ಹಂಗಿಸುವಿಕೆ ಹೊಸತಲ್ಲ. ಒಬ್ಬ ಮನುಷ್ಯನನ್ನು ಹೊಡೆಯಬೇಕಾದರೆ ಮೊದಲು ಅವನನ್ನು ಪ್ರಾಣಿ ಎನ್ನಬೇಕು. ಹಾಗೆ ಎನ್ನುವುದಕ್ಕೆ ಮೊದಲು ಪ್ರಾಣಿಯನ್ನು ಹೊಡೆಯಬಹುದು ಎಂದು ಒಪ್ಪಿರಬೇಕು.

ಒಂದು ಮಾತು ಸ್ಪಷ್ಟವಾಗಿರಲಿ. ಕೇಡು ಎಂದರೆ ವಿಷ, ವಿಷ ಸುರಿದ ಕೈ. ಊನವಾದ ಮೈ ಕೇಡಲ್ಲ. ಆ ಮಕ್ಕಳ ಚಿತ್ರ ತೋರಿಸಿ 'ಅಯ್ಯೋ' ಎನ್ನಿಸಿ ಮನೆಗೆ ಹೋಗುವುದು ಹೋರಾಟ ಅಲ್ಲ. ಆ ಮಗುವಿಗೆ ಶಾಲೆ ಬೇಕು, ಗಾಲಿಕುರ್ಚಿ ಹೋಗುವ ದಾರಿ ಬೇಕು, ತಾಯಿ ಇಲ್ಲದ ದಿನ ನೋಡುವವರು ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ದಯೆ ಎನ್ನುವುದಿಲ್ಲ, ಹಕ್ಕು ಎನ್ನುತ್ತದೆ. ಸೊಟ್ಟ ಕಾಲಿನ ಕರುವಿಗೂ ಹಾಲಿನ ಲೆಕ್ಕಕ್ಕೆ ಹೊರಗಾಗಿ ಒಂದು ಬದುಕು ಉಂಟು. ಅದಕ್ಕೂ ನೋವು ಉಂಟು, ತಾಯಿ ಉಂಟು, ಬಿಸಿಲು ಕಾಯಿಸುವ ಆಸೆ ಉಂಟು.

*

ಈಗ ಗೆಳೆಯರ ಪ್ರಶ್ನೆಗೆ ಉತ್ತರ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಸಾವಿರಾರು ಜನರ ಜೊತೆ ನಡೆದರು. ದನ, ನಾಯಿ ಕುಡಿಯುತ್ತಿದ್ದ ನೀರು ಅದು. ನಮ್ಮವರು ಮಾತ್ರ ಮುಟ್ಟುವಂತಿರಲಿಲ್ಲ. ಆ ಅವಮಾನದ ಉರಿ ಇಂದಿಗೂ ಆರಿಲ್ಲ. ಆದರೆ ಮಹಾಡದ ಬೇಡಿಕೆ ಏನಿತ್ತು? ದನವನ್ನು ಕೆರೆಯಿಂದ ಓಡಿಸಿ ಎಂದಲ್ಲ. ನಾವೂ ಕುಡಿಯುತ್ತೇವೆ ಎಂದು. ನಮ್ಮ ಘನತೆಯನ್ನು ಇನ್ನೊಂದು ಜೀವದ ಬೆನ್ನ ಮೇಲೆ ನಿಂತು ಪಡೆಯಬೇಕಾಗಿಲ್ಲ ಎಂಬ ಪಾಠ ಆ ಕೆರೆಯ ನೀರಿನಲ್ಲಿ ಉಂಟು. ಕೋಣದ ಕಾಲು ಉಳಿಸಲು ಕೊರಗರ ಕಾಲನ್ನು ಕೆಸರಿಗೆ ಇಳಿಸಿದ್ದು ಪ್ರಾಣಿದಯೆ ಅಲ್ಲ, ಆಸ್ತಿಯ ರಕ್ಷಣೆ. ಕೊರಗರೂ ಓಡಬಾರದು, ಕೋಣಕ್ಕೂ ಬಾರುಕೋಲು ಬೀಳಬಾರದು. ಇವೆರಡನ್ನೂ ಒಟ್ಟಿಗೆ ಕೇಳುವ ಅಧಿಕಾರ ಕೆಸರು ತುಳಿದವರಿಗೇ ಹೆಚ್ಚು.

ಹಳ್ಳಿಯ ಮಾಸ್ತರರಿಗೆ, ಟೀಚರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮದೊಂದು ಬಿನ್ನಹ. ಎಂಡೋಸಲ್ಫಾನ್ ಹೋಯಿತು, ಬೇರೆ ಹೆಸರಿನ ಡಬ್ಬಿಗಳು ಅಂಗಡಿಯಲ್ಲಿ ಉಂಟು. ಶಾಲೆಯಲ್ಲಿ ಒಂದು ನೋಟುಬುಕ್ಕು ಇಡಿ. ಊರಿನಲ್ಲಿ ಜೇನುಪೆಟ್ಟಿಗೆ ಖಾಲಿಯಾದ ದಿನ, ದನ ಕಂದು ಹಾಕಿದ ದಿನ, ಮೀನು ತೇಲಿದ ದಿನ, ಕರು ಏಳದ ದಿನ ತಾರೀಕು ಹಾಕಿ ಬರೆಯಿರಿ. ಮಕ್ಕಳಿಂದಲೇ ಬರೆಸಿರಿ. ಗ್ರಾಮಸಭೆಯಲ್ಲಿ ಓದಿ, ನಡಾವಳಿ ಪುಸ್ತಕಕ್ಕೆ ಸೇರಿಸಿ. ದನದ ಡಾಕ್ಟರ ದಫ್ತರವನ್ನೂ ಮಕ್ಕಳ ಡಾಕ್ಟರ ದಫ್ತರವನ್ನೂ ಒಂದೇ ಮೇಜಿನ ಮೇಲೆ ತೆರೆದಿಡಿ ಎಂದು ಒತ್ತಾಯಿಸಿ. 1979ರಲ್ಲಿ ಅಂಥ ಒಂದು ಮೇಜು ಇದ್ದಿದ್ದರೆ ಎಷ್ಟು ಮಕ್ಕಳು ಇಂದು ಓಡಾಡುತ್ತಿದ್ದರು!

ಕೇಡು ದಾಟಿಸುವವರು ಯಾವಾಗಲೂ ಮಾತಿಲ್ಲದ ಮೈಯನ್ನೇ ಹುಡುಕುತ್ತಾರೆ. ನಮ್ಮ ಹಿರಿಯರ ಬಾಯನ್ನೂ ಒಂದು ಕಾಲದಲ್ಲಿ ಕಟ್ಟಿದ್ದರು. ಈಗ ನಮ್ಮ ಕೈಯಲ್ಲಿ ಅಕ್ಷರ ಉಂಟು. ಅದನ್ನು ನಮಗಾಗಿ ಮಾತ್ರ ಖರ್ಚು ಮಾಡಿದರೆ ಸಾಲದು. ಏಳಲಾಗದ ಮಗುವಿನ ಅರ್ಜಿ ಬರೆಯಬೇಕು, ಅದೇ ಹಾಳೆಯಲ್ಲಿ ಏಳಲಾಗದ ಕರುವಿನದ್ದನ್ನೂ ಬರೆಯಬೇಕು. ಕೆಳಗೆ ಸಹಿ ನಾವು ಹಾಕುತ್ತೇವೆ.